ಡೇರೆ ಹೂವಿಗೊಂದು ವೆಬ್‌ಸೈಟು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕೊಪ್ಪದಲ್ಲಿ ನನ್ನ ಹತ್ತಿರ ಕಂಪ್ಯೂಟರ್ ಕಲಿತವರಲ್ಲಿ ಯಾರನ್ನೇ ಕೇಳಿ, ಮೊದಲು ಅದನ್ನೇ ಹೇಳುತ್ತಾರೆ. ಚೆನ್ನಾಗಿ ಕಲಿಸುತ್ತಾಳೆ ಎನ್ನುವುದನ್ನು ಆಮೇಲೆ, ನೆನಪಾದರೆ ಸೇರಿಸುತ್ತಾರೆ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ, ಔಷಧಿ ಅಂಗಡಿಯ ಮಹಡಿಯಲ್ಲಿ ನನ್ನ ಕ್ಲಾಸು. ಟೈಪಿಂಗು, ಮದುವೆ ಕಾಗದದ ಡಿಸೈನು ಕಲಿಸಿ ಕಲಿಸಿ ನನಗೇ ಬೇಜಾರು ಬಂದಿತ್ತು. ಒಂದು ವರ್ಷ ಶಿವರಾತ್ರಿ ಕಳೆದ ಮೇಲೆ ಮೆಟ್ಟಿಲಿನ ಬುಡದಲ್ಲಿ ಬೋರ್ಡು ಹಾಕಿದೆ: ‘ನಿಮ್ಮ ವೆಬ್‌ಸೈಟನ್ನು ನೀವೇ ಮಾಡಿಕೊಳ್ಳಿ. ಏನೂ ಗೊತ್ತಿಲ್ಲದವರೂ ಬರಬಹುದು.’

ಏನೂ ಗೊತ್ತಿಲ್ಲದವರೇ ಬಂದರು!

ಸಿರಿಮನೆ ಕಡೆಯಿಂದ ಹೋಂಸ್ಟೇ ನಡೆಸುವ ಒಬ್ಬರು ಬಂದರು. ಜಲಪಾತ ನೋಡಲು ಬರುವವರು ತಮ್ಮ ಮನೆಯಲ್ಲಿ ಉಳಿಯಲಿ ಎನ್ನುವುದು ಅವರ ಆಸೆ. ಆದರೆ ಆ ಮನುಷ್ಯ ಬರೆದ ಮೊದಲ ಸಾಲು ‘ಬಂಡೆ ಬಹಳ ಜಾರುತ್ತದೆ, ಮಳೆಗಾಲದಲ್ಲಿ ದಯವಿಟ್ಟು ಬರಬೇಡಿ’ ಎಂದು. “ಅಲ್ಲ ಮಾರಾಯ್ರೆ, ಊಟ ಮಾಡ್ಬೇಡಿ ಅಂತ ಯಾವ ಹೋಟ್ಲಿನೋರಾದ್ರೂ ಬೋರ್ಡು ಹಾಕ್ತಾರಾ?” ಎಂದು ರೇಗಿದೆ. “ಬಿದ್ದು ಕಾಲು ಮುರ್ಕೊಂಡ್ರೆ ಹೊತ್ಕೊಂಡು ಬರೋದು ನಾನಲ್ವಾ ಮೇಡಂ” ಎಂದರು. ಆ ಸಾಲು ಇವತ್ತಿಗೂ ಅವರ ವೆಬ್‌ಸೈಟಿನ ತಲೆಯ ಮೇಲೆ ಹಾಗೇ ಇದೆ.

ಇನ್ನೊಬ್ಬರು ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನ ನಿವೃತ್ತ ಮೇಷ್ಟ್ರು. ಊರಿನ ಹಕ್ಕಿಗಳ ಫೋಟೋ ತೆಗೆದು ಇಟ್ಟಿದ್ದರು, ಅದನ್ನು ನಾಲ್ಕು ಜನ ನೋಡಲಿ ಎಂದು ಬಂದಿದ್ದರು. ಮೂರನೆಯವರು ಹಿರೇಕೊಡಿಗೆಯ ಒಬ್ಬ ಹೆಂಗಸು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ನಾನು ಅಕ್ಕ ಎಂದೇ ಕರೆದೆ. ಕೈಚೀಲದಿಂದ ಹೊಸ ನೋಟು ಪುಸ್ತಕ ತೆಗೆದಿಟ್ಟು, ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ಕೂತರು.

“ನಿಮ್ಗೆ ಎಂತಕ್ಕೆ ಅಕ್ಕ ವೆಬ್‌ಸೈಟು?” ಎಂದು ಕೇಳಿದೆ.

“ಒಂದು ಹೂವಿಗೆ.”

ಪೇಟೆಯವರು ಡೇಲಿಯಾ ಎನ್ನುವ ಡೇರೆ ಹೂವಿನ ಹುಚ್ಚು ನಮ್ಮ ಕಡೆಯ ಹೆಂಗಸರಿಗೆ ಹೊಸದಲ್ಲ. ಮುಂಗಾರಿನ ಹೊತ್ತಿಗೆ ಗಡ್ಡೆ ನೆಟ್ಟರೆ ಗೌರಿಹಬ್ಬದ ಆಸುಪಾಸಿಗೆ ಅಂಗಳ ತುಂಬ ಊಟದ ತಟ್ಟೆಯಷ್ಟು ದೊಡ್ಡ ಹೂವು. ದೀಪಾವಳಿ ಕಳೆದು ಗಿಡ ಒಣಗಿದ ಮೇಲೆ ಗಡ್ಡೆ ಹಂಚುವ ಕಾಲ. ಗಂಡಸರು ಅಡಿಕೆ ದರ ಮಾತಾಡುವಷ್ಟೇ ಗಂಭೀರವಾಗಿ ಹೆಂಗಸರು ಡೇರೆಯ ಬಣ್ಣ ಮಾತಾಡುತ್ತಾರೆ. ಅಕ್ಕನ ಹತ್ತಿರ ಇದ್ದದ್ದು ಕಪ್ಪಿಗೆ ಹತ್ತಿರದ ಕುಂಕುಮ ಬಣ್ಣದ್ದು, ಒಂದೊಂದು ಎಸಳಿಗೂ ತುದಿಯಲ್ಲಿ ಸುಣ್ಣ ಅದ್ದಿದ ಹಾಗೆ ಬಿಳಿ. ಅವರ ಅಮ್ಮ, ಮಗಳು ಮದುವೆಯಾಗಿ ಹೊರಟಾಗ ಸೆರಗಿನ ತುದಿಗೆ ಗಡ್ಡೆ ಕಟ್ಟಿ ಕಳಿಸಿದ್ದರಂತೆ. ಆ ಅಮ್ಮ ಈಗ ನರಸಿಂಹರಾಜಪುರದಲ್ಲಿ ಅಕ್ಕನ ಅಣ್ಣನ ಮನೆಯಲ್ಲಿದ್ದಾರೆ. ಅಣ್ಣ ಅಂಗಳಕ್ಕೆಲ್ಲ ಕಲ್ಲು ಹಾಸಿಸಿದ ಮೇಲೆ ಅಲ್ಲಿ ಒಂದು ತುಳಸಿ ಬಿಟ್ಟರೆ ಏನೂ ಇಲ್ಲ. ಹಾಗಾಗಿ ಅಮ್ಮ ಪ್ರತಿವರ್ಷ ಗೌರಿಹಬ್ಬಕ್ಕೆ ಹಿರೇಕೊಡಿಗೆಗೆ ಬಂದು ತಮ್ಮ ಹೂವನ್ನು ನೋಡಿಕೊಂಡು ಹೋಗುತ್ತಾರೆ. ಮಗಳನ್ನು ನೋಡಲಿಕ್ಕಲ್ಲ, ಹೂವನ್ನು ನೋಡಲಿಕ್ಕೆ. ಅಕ್ಕನೇ ಹಾಗೆ ಹೇಳಿ ನಕ್ಕರು.

ಆ ಚಳಿಗಾಲದಲ್ಲಿ ಮುಳ್ಳುಹಂದಿ ಅಂಗಳಕ್ಕೆ ನುಗ್ಗಿ ಮಣ್ಣು ಬಗೆದು ಗಡ್ಡೆಯನ್ನೆಲ್ಲ ತಿಂದು ಹೋಗಿತ್ತು. ಒಂದು ತುಂಡೂ ಬಿಟ್ಟಿರಲಿಲ್ಲ.

“ಅಮ್ಮಂಗೆ ಹೇಳೋಕೆ ಬಾಯೇ ಬರ್ಲಿಲ್ಲ ಮೇಡಂ. ಎಂಬತ್ತು ದಾಟಿದೆ. ಫೋನು ಮಾಡ್ದಾಗೆಲ್ಲ ಗಡ್ಡೆ ಕಣ್ಣು ಬಿಡ್ತಾ, ಮೊಳಕೆ ಬಂತಾ ಅಂತ ಕೇಳ್ತಾಳೆ. ಇಲ್ಲಮ್ಮ, ಇನ್ನೂ ಮಣ್ಣಲ್ಲಿದೆ ಅಂತೀನಿ. ಈ ಸಲ ಗೌರಿಹಬ್ಬಕ್ಕೆ ಬಂದು ನೋಡಿದ್ರೆ?” ಅಕ್ಕ ನೋಟು ಪುಸ್ತಕ ಮುಚ್ಚಿದರು. “ಅಷ್ಟ್ರಲ್ಲಿ ಆ ಹೂವು ನನ್ನ ಅಂಗಳದಲ್ಲಿ ಇರ್ಬೇಕು.”

“ಯಾರಿಗಾದ್ರೂ ಗಡ್ಡೆ ಕೊಟ್ಟಿರ್ತೀರಲ್ಲ, ಅವ್ರನ್ನ ಕೇಳಿ.”

“ಬಂದೋರಿಗೆಲ್ಲ ಕೊಟ್ಟಿದೀನಿ, ಅಮ್ಮನೂ ಕೊಟ್ಟಿದಾಳೆ. ಯಾರಿಗೆ ಕೊಟ್ಟೆ ಅಂತ ನೆನಪಿಟ್ಕೊಂಡು ಯಾರಾದ್ರೂ ಕೊಡ್ತಾರಾ?”

ಅದೂ ಸರಿಯೇ.

ಪಾಠ ಶುರುವಾಯಿತು. ವೆಬ್‌ಸೈಟಿನ ಪುಟ ಬರೆಯುವಾಗ ಪ್ರತಿ ಸಾಲಿಗೂ ಹಿಂದೆ ಮುಂದೆ ಒಂದೊಂದು ಗುರುತು ಹಾಕಬೇಕು. ಇಲ್ಲಿಂದ ತಲೆಬರಹ ಶುರು, ಇಲ್ಲಿಗೆ ಮುಗಿಯಿತು ಎಂದು ಕಂಪ್ಯೂಟರಿಗೆ ಹೇಳುವ ಗುರುತು. ಅದಕ್ಕೆ ಟ್ಯಾಗು ಎನ್ನುತ್ತಾರೆ. ತೆರೆದ ಟ್ಯಾಗನ್ನು ಮುಚ್ಚಬೇಕು ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ಒಬ್ಬರೂ ಮುಚ್ಚುತ್ತಿರಲಿಲ್ಲ. ಹೋಂಸ್ಟೇಯವರ ಪುಟ ಪೂರ್ತಿ ತಲೆಬರಹವಾಗಿ, ಅಕ್ಷರಗಳು ಕುಂಬಳಕಾಯಿಯಷ್ಟು ದಪ್ಪ ಕಾಣುತ್ತಿದ್ದವು. ಕೊನೆಗೆ ಮೇಜು ಕುಟ್ಟಿದೆ: “ನೀವೆಲ್ಲ ಗದ್ದೆಗೆ ಹೋಗೋರು ತಾನೆ? ಬೇಲೀಲಿ ದಾರಿಗೆ ಅಡ್ಡ ಹಾಕಿರೋ ಉಣಗೋಲು ಸರಿಸಿ ಒಳಗೆ ಹೋದ್ಮೇಲೆ ಅದನ್ನ ತಿರುಗಿ ಹಾಕ್ದೆ ಬರ್ತೀರಾ?”

“ದನ ನುಗ್ಗುತ್ತಲ್ಲ!” ಎಂದರು ಮೇಷ್ಟ್ರು.

“ಇಲ್ಲೂ ದನ ನುಗ್ಗಿರೋದೇ!”

ಅವತ್ತಿನಿಂದ ನಮ್ಮ ಕ್ಲಾಸಿನಲ್ಲಿ ಟ್ಯಾಗು ಎನ್ನುವ ಮಾತೇ ಹೋಯಿತು. “ಮೇಡಂ, ನನ್ನ ಉಣಗೋಲು ಸರಿ ಇದ್ಯಾ ನೋಡಿ” ಎಂದೇ ಕೇಳುತ್ತಿದ್ದರು. ತಪ್ಪುಗಳೂ ನಿಂತವು.

ಬರೆದ ಎರಡು ಸಾಲು ಮೊದಲ ಸಲ ಬ್ರೌಸರಿನಲ್ಲಿ ಕಂಡ ದಿನ ಅಕ್ಕ ಕೈ ಎತ್ತಿ ಪರದೆಯನ್ನು ಮುಟ್ಟಲು ಹೋಗಿ, ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡರು. “ಇದು ನಾನು ಬರ್ದಿದ್ದೇ?” ಎಂದರು. ಎಷ್ಟೋ ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಆದರೂ ಆ ಹೊತ್ತಿಗೆ ನನ್ನ ಮೈ ಜುಮ್ಮೆನ್ನುತ್ತದೆ. ಬಿಳಿ ಪರದೆಯ ಮೇಲೆ ಏನೂ ಇರಲಿಲ್ಲ, ಈಗ ಇದೆ. ಅದಕ್ಕಿಂತ ದೊಡ್ಡ ಸೋಜಿಗ ನನಗಂತೂ ಗೊತ್ತಿಲ್ಲ.

ಮೇಷ್ಟ್ರಿಗೆ ಬೇರೆಯದೇ ಸಂಶಯ. “ಮೇಡಂ, ಈ ವೆಬ್‌ಸೈಟಿನ ಬಾಗಿಲು ಹಾಕೋದು ಎಷ್ಟೊತ್ತಿಗೆ?”

“ಹಾಕೋದೇ ಇಲ್ಲ ಮೇಷ್ಟ್ರೇ.”

“ನಾವು ಮಲಗಿದ್ಮೇಲೂ?”

“ಮಲಗಿದ್ಮೇಲೂ. ಯಾರು ಯಾವಾಗ ಬಂದ್ರೂ ತೆರೆದೇ ಇರುತ್ತೆ.”

ಅವರು “ದೇವಸ್ಥಾನಕ್ಕೂ ಬಾಗಿಲು ಹಾಕ್ತಾರಲ್ರೀ” ಎಂದರು. ನಾನು ನಗಲಿಲ್ಲ. ಅದನ್ನು ಅಷ್ಟು ದಿನದಲ್ಲಿ ನಾನೇ ಯೋಚಿಸಿರಲಿಲ್ಲ.

ಅಕ್ಕನ ಪುಟ ತಯಾರಾಯಿತು. ಮೇಲೆ ಹೂವಿನ ಫೋಟೋ. ಇದ್ದದ್ದು ಅದೊಂದೇ, ಮೂಲೆಯಲ್ಲಿ ಕರುವಿನ ಅರ್ಧ ಮುಖವೂ ಬಂದಿತ್ತು. ಕೆಳಗೆ ಹೂವಿನ ಚಂದ, ಅಮ್ಮ ಸೆರಗಿಗೆ ಕಟ್ಟಿದ್ದು, ಮುಳ್ಳುಹಂದಿ ತಿಂದದ್ದು, ಎಲ್ಲವನ್ನೂ ಎದುರಿಗೆ ಕೂತು ಹೇಳಿದ ಹಾಗೆ ಬರೆದಿದ್ದರು. ಕೊನೆಗೆ, ‘ಹಿರೇಕೊಡಿಗೆಯಲ್ಲಿ ಬಸ್ಸಿಳಿದು ಡೇರೆ ಹೂವಿನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಬಂದವರು ಕಾಫಿ ಕುಡಿದೇ ಹೋಗಬೇಕು’ ಎಂದಿತ್ತು. ನಾನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ.

“ಅಕ್ಕಾ, ಗಡ್ಡೆ ಬೇಕು ಅಂತ ಎಲ್ಲಿ ಬರ್ದಿದೀರಿ?”

“ಬರೀಬಾರ್ದು.”

“ಬರೀಬಾರ್ದಾ? ಮತ್ತೆ ಇಷ್ಟು ದಿನ ಗೇಯ್ದದ್ದು ಎಂತಕ್ಕೆ? ವೆಬ್‌ಸೈಟು ಅಂದ್ರೆ ಏನು ಬೇಕೋ ಅದನ್ನ ನೇರ ಹೇಳೋದು! ಗಡ್ಡೆ ಇದ್ದೋರು ಫೋನು ಮಾಡಿ ಅಂತ ನಂಬರು ಹಾಕಿ!”

“ಕೇಳಿ ತಂದ ಗಿಡ ಹತ್ತಲ್ಲ ಮೇಡಂ” ಎಂದರು, ನೀರು ಇಳಿಜಾರಿಗೆ ಹರಿಯುತ್ತದೆ ಎನ್ನುವಷ್ಟು ಸಹಜವಾಗಿ.

ಈ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಕಡೆ ಯಾವ ಹೆಂಗಸೂ ಇನ್ನೊಬ್ಬರ ಅಂಗಳದ ಗಿಡವನ್ನು ಬಾಯಿಬಿಟ್ಟು ಕೇಳುವುದಿಲ್ಲ. ಹೋಗಬೇಕು, ಕೂರಬೇಕು, ಕಾಫಿ ಕುಡಿಯಬೇಕು, ಹೊರಡುವಾಗ ಗಿಡದ ಮುಂದೆ ನಿಂತು ‘ಎಷ್ಟು ಚಂದ ಆಗಿದೆ’ ಎನ್ನಬೇಕು. ಅಷ್ಟೇ. ಆ ಮನೆಯವರು ತಾವಾಗಿಯೇ ಒಂದು ತುಂಡು ಮುರಿದು ಕೊಡಬೇಕು. ಕೊಟ್ಟವರಿಗೆ ದುಡ್ಡೂ ಕೊಡಬಾರದು, ಥ್ಯಾಂಕ್ಸೂ ಹೇಳಬಾರದು. ಕೊಡದಿದ್ದರೆ ಕಣ್ಣು ತಪ್ಪಿಸಿ ಕದ್ದು ತರಬಹುದು, ಕದ್ದದ್ದು ಇನ್ನೂ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ. ಆದರೆ ಇಂಟರ್ನೆಟ್ಟಿನಲ್ಲೂ ಇದೇ ನಡೆಯಬೇಕೆಂದರೆ?

ನನ್ನ ಕಣ್ಣು ಇನ್ನೂ ಒಂದು ಸಾಲಿನ ಮೇಲೆ ಬಿತ್ತು. ಪುಟದ ತೀರಾ ಕೆಳಗೆ, ಒಂದಿಷ್ಟು ಖಾಲಿ ಜಾಗ ದಾಟಿದ ಮೇಲೆ, ಕೆಂಪು ಅಕ್ಷರದಲ್ಲಿ: ‘ಇದನ್ನು ಓದಿದವರು ನಮ್ಮ ಅಮ್ಮನಿಗೆ ಹೇಳಬೇಡಿ.’

ಅಯ್ಯೋ ದೇವರೇ! “ಇಡೀ ಪ್ರಪಂಚಕ್ಕೆ ಡಂಗುರ ಹೊಡ್ದು, ಅಮ್ಮಂಗೆ ಹೇಳ್ಬೇಡಿ ಅಂತೀರಲ್ಲ ಮಾರಾಯ್ತಿ! ಇದು ಪಬ್ಲಿಷ್ ಆದ್ಮೇಲೆ ಯಾರು ಬೇಕಾದ್ರೂ ಓದ್ಬಹುದು. ನಿಮ್ಮಮ್ಮನೂ!”

“ಅಮ್ಮನ ಹತ್ರ ಇರೋದು ಬಟನ್ ಫೋನು.”

“ಬೇರೆಯೋರು ಹೇಳ್ತಾರೆ!”

“ಹೇಳ್ಬೇಡಿ ಅಂದ್ಮೇಲೆ ಎಂತಕ್ಕೆ ಹೇಳ್ತಾರೆ?”

ಇಂಥವರ ಜೊತೆ ವಾದ ಮಾಡುವುದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಕೈಮುಗಿದು ಬಿಟ್ಟುಬಿಟ್ಟೆ.

ಪಬ್ಲಿಷ್ ಮಾಡುವ ದಿನ ಎಲ್ಲರೂ ಸ್ನಾನ ಮಾಡಿ ಒಳ್ಳೆ ಬಟ್ಟೆ ಹಾಕಿಕೊಂಡು ಬಂದಿದ್ದರು. ಹೋಂಸ್ಟೇಯವರು ಬಾಳೆಹಣ್ಣು ತಂದಿದ್ದರು, ದೇವರಿಗೋ ನನಗೋ ಅವರಿಗೇ ಗೊತ್ತಿರಲಿಲ್ಲ. ಪುಟವೂ ಫೋಟೋವೂ ಇರುವ ಫೋಲ್ಡರನ್ನು ಎಳೆದು, ವೆಬ್‌ಸೈಟು ಇಟ್ಟುಕೊಳ್ಳುವ ಜಾಗಕ್ಕೆ ಬಿಟ್ಟರೆ ಆಯಿತು, ಅದಕ್ಕೊಂದು ವಿಳಾಸ ಸಿಗುತ್ತದೆ. ಅಕ್ಕ ಮೌಸು ಹಿಡಿದರು. ಎಳೆದರು, ಬಿಟ್ಟರು. ವಿಳಾಸವೂ ಬಂತು. ನನ್ನ ಫೋನಿನಲ್ಲಿ ತೆರೆದರೆ ಬರಹವಿದೆ, ಹೂವಿಲ್ಲ! ಹೂವಿನ ಜಾಗದಲ್ಲಿ ಒಂದು ಖಾಲಿ ಚೌಕ.

ಅಕ್ಕನ ಮುಖ ಬಾಡಿತು. “ಇಲ್ಲೂ ತಿಂದುಬಿಡ್ತಾ?” ಎಂದರು. ಎಲ್ಲರೂ ನಕ್ಕರು, ಆದರೆ ಅವರು ತಮಾಷೆಗೆ ಹೇಳಿರಲಿಲ್ಲ.

ಆದದ್ದಿಷ್ಟೇ: ಫೋಟೋ ಫೋಲ್ಡರಿನ ಹೊರಗೇ ಉಳಿದಿತ್ತು. ಅಕ್ಕ ಕೂತಿದ್ದ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು, ಹೊರಗಿನವರಿಗೆ ಕಾಣುತ್ತಿರಲಿಲ್ಲ. ಒಳಗೆ ಹಾಕಿಸಿ ಇನ್ನೊಮ್ಮೆ ಎಳೆಸಿದೆ. ಈ ಸಲ ಚೌಕದೊಳಗೆ ಮೊದಲು ಕರುವಿನ ಕಿವಿ ಬಂತು, ಆಮೇಲೆ ಹೂವು.

ಮೇಷ್ಟ್ರು ತಡೆಯಲಾರದೆ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿಗೇ ಓಡಿದರು, ಅಲ್ಲಿ ಕಾಣುತ್ತದೋ ಇಲ್ಲವೋ ನೋಡಲು. ಅಲ್ಲಿಂದ ಫೋನು: “ಇಲ್ಲೂ ಕಾಣ್ತಿದೆ! ಶೃಂಗೇರಿ ಬಸ್ಸಿನ ಕಂಡಕ್ಟರಿಗೂ ತೋರಿಸ್ದೆ!” ಹೋಂಸ್ಟೇಯವರ ಹೆಂಡತಿ ಸಿರಿಮನೆಯಲ್ಲಿ, ಸಿಗ್ನಲ್ಲು ಸಿಗುವ ಎತ್ತರದ ಮಣ್ಣಿನ ಧರೆಯ ಮೇಲೆ ನಿಂತು ಫೋನು ಮಾಡಿ, ತಮಗೂ ಕಂಡಿತು ಎಂದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತೇ ಇದ್ದರು, ಕಣ್ಣಲ್ಲಿ ನೀರು. ಮಣ್ಣಿನಲ್ಲಿ ಇಲ್ಲವಾದ ಹೂವು ಒಂದೇ ಹೊತ್ತಿಗೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲೂ ಸಿರಿಮನೆಯ ಧರೆಯ ಮೇಲೂ ಅರಳಿತ್ತು. ಹೇಗೆ ಆಗುತ್ತದೆ ಎಂದು ನನ್ನನ್ನು ಕೇಳಿದ್ದರೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಹೇಗೆ ಎಂದು ಗೊತ್ತಿದ್ದರೂ ನಾನೂ ಬಾಯಿ ಬಿಟ್ಟುಕೊಂಡೇ ನಿಂತಿದ್ದೆ.

ಮೇಷ್ಟ್ರು ತಮ್ಮ ಹಳೆಯ ವಿದ್ಯಾರ್ಥಿಗಳ ಗ್ರೂಪಿಗೆ ಆ ವಿಳಾಸ ಹಾಕಿದರು. ಹೋಂಸ್ಟೇಯವರು ತಮ್ಮ ನೆಂಟರಿಗೆಲ್ಲ ಕಳಿಸಿದರು. ಕೆಲವು ದಿನ ಏನೂ ಆಗಲಿಲ್ಲ. “ಕೇಳಿಲ್ಲ ಅಂದ್ಮೇಲೆ ಯಾರು ಕೊಡ್ತಾರೆ? ಒಂದು ಸಾಲು ಸೇರಿಸಿ ಅಕ್ಕ” ಎಂದು ನಾನು ಗೊಣಗುತ್ತಲೇ ಇದ್ದೆ. ಅಕ್ಕ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ಜನ ಬರತೊಡಗಿದರು. ಅಕ್ಕ ಕ್ಲಾಸಿಗೆ ಬಂದಾಗೆಲ್ಲ ಒಂದು ಸುದ್ದಿ. ಯಾರೋ ಇಬ್ಬರು ಹೆಂಗಸರು ಬಸ್ಸಿಳಿದು ವಿಚಾರಿಸಿಕೊಂಡು ಬಂದರಂತೆ, ಜಗಲಿಯಲ್ಲಿ ಕೂತರಂತೆ, ಕಾಫಿ ಕುಡಿದರಂತೆ, ಹೊರಡುವಾಗ ಚೀಲದಿಂದ ಪೇಪರು ಸುತ್ತಿದ ಗಡ್ಡೆ ತೆಗೆದು ಮೂಲೆಯಲ್ಲಿಟ್ಟು ಹೋದರಂತೆ. ಗಡ್ಡೆಯ ಮಾತನ್ನೇ ಆಡಲಿಲ್ಲವಂತೆ! ಮರುವಾರ ಇನ್ನೊಬ್ಬರು. ಒಮ್ಮೆ ಶೃಂಗೇರಿ ಕಡೆಯ ಒಬ್ಬರು ಅಡಿಕೆ ಹಾಳೆಯಲ್ಲಿ ಸುತ್ತಿಕೊಂಡು ತಂದರು. “ಯಾರೋ ಮೊಬೈಲಿಗೆ ಕಳ್ಸಿದ್ರು, ಓದ್ದೆ” ಎಂದಷ್ಟೇ ಹೇಳಿದರಂತೆ. ಯಾರು ಕಳಿಸಿದ್ದು ಎಂದು ಅಕ್ಕನೂ ಕೇಳಲಿಲ್ಲ.

ಕೇಳದೆ ಇದ್ದುದಕ್ಕೇ ಬಂದರು. ಓದಿದ ಪ್ರತಿ ಹೆಂಗಸಿಗೂ ಆ ಪುಟದಲ್ಲಿ ಬರೆಯದೆ ಬಿಟ್ಟ ಸಾಲು ಮೊದಲು ಕಂಡಿತ್ತು.

ಆದರೆ ಗಡ್ಡೆ ನೋಡಿದರೆ ಯಾವ ಬಣ್ಣದ್ದು ಎಂದು ಬ್ರಹ್ಮನಿಗೂ ತಿಳಿಯದು. ತಂದವರೆಲ್ಲ ಅಂಥದ್ದೇ ಇರಬೇಕು ಎಂದವರೇ. ಅಕ್ಕ ಎಲ್ಲವನ್ನೂ ನೆಟ್ಟರು. ಮುಳ್ಳುಹಂದಿ ಬಾರದಂತೆ ಸುತ್ತ ತಗಡು ನಿಲ್ಲಿಸಿದರು. ಅಮ್ಮನ ಫೋನು ಬಂದಾಗ “ಕಣ್ಣು ಬಿಟ್ಟಿದೆ ಅಮ್ಮ” ಎಂದರು. ಯಾವುದರ ಕಣ್ಣು ಎಂದು ಹೇಳಲಿಲ್ಲ.

ನನ್ನನ್ನು ದಂಗುಬಡಿಸಿದ್ದು ಇನ್ನೊಂದು. ಇಲ್ಲಿ ಕೊಪ್ಪದಲ್ಲಿ ಬೆಳಿಗ್ಗೆ ಸೀನಿದರೆ ಮಧ್ಯಾಹ್ನಕ್ಕೆ ಶೃಂಗೇರಿಯಲ್ಲಿ ನೆಗಡಿಯಂತೆ ಎನ್ನುತ್ತಾರೆ. ಅಂಥ ಊರುಗಳಲ್ಲಿ ಆ ಗುಟ್ಟು ಮಾತ್ರ ಒಬ್ಬರ ಬಾಯಿಂದಲೂ ಹೊರಬೀಳಲಿಲ್ಲ. ನರಸಿಂಹರಾಜಪುರದಲ್ಲಿ ಅಮ್ಮನ ಎದುರುಮನೆಯವರೇ ಗಡ್ಡೆ ತಂದುಕೊಟ್ಟು, “ನಾವು ಉಸಿರೆತ್ತಿಲ್ಲ, ಹೆದರ್ಬೇಡಿ” ಎಂದು ಹೋದರಂತೆ. ಪಾಸ್‌ವರ್ಡು, ಬೀಗ, ಇಂಥದ್ದನ್ನೆಲ್ಲ ಕಲಿಸುವವಳು ನಾನು. ಒಂದು ಕೆಂಪು ಸಾಲಿಗೆ ಇಷ್ಟು ಜನ ಕಟ್ಟುಬಿದ್ದದ್ದನ್ನು ನಾನಂತೂ ಎಲ್ಲೂ ಕಂಡಿಲ್ಲ.

ಗೌರಿಹಬ್ಬದ ಹಿಂದಿನ ದಿನ ಅಕ್ಕನ ಫೋನು ಬಂತು. “ಇವತ್ತು ಅಮ್ಮ ಬರ್ತಾಳೆ. ಒಬ್ಳೇ ಇರೋಕೆ ಎದೆ ಹೊಡ್ಕೊಳ್ತಿದೆ. ಬನ್ನಿ ಮೇಡಂ.” ಕ್ಲಾಸಿಗೆ ರಜೆ ಕೊಟ್ಟು ಸ್ಕೂಟಿ ಹತ್ತಿದೆ. ಮಳೆ ನಿಂತು ಹೊಳವಾಗಿತ್ತು.

ಆ ಅಂಗಳವನ್ನು ಹೇಗೆ ಹೇಳಲಿ! ಹಳದಿ, ಗುಲಾಬಿ, ನೇರಳೆ, ಕಿತ್ತಳೆ, ಹಾಲು ಬಿಳಿ. ಮೂರು ತಾಲ್ಲೂಕಿನ ಅಂಗಳಗಳೆಲ್ಲ ಬಂದು ಅಲ್ಲಿ ನಿಂತಿದ್ದವು. ಮಾತೇ ಹೊರಡಲಿಲ್ಲ ನನಗೆ, ನನಗೆ! ಅಕ್ಕ ಮಾತ್ರ ಅದ್ಯಾವುದನ್ನೂ ನೋಡದೆ ಮೂಲೆಯ ಒಂದು ಗಿಡದ ಮುಂದೆ ನಿಂತಿದ್ದರು. ಶೃಂಗೇರಿಯವರು ಹಾಳೆಯಲ್ಲಿ ತಂದ ಗಡ್ಡೆಯದು. ಒಂದೇ ಹೂವು ಅರಳಿತ್ತು. ಕಪ್ಪಿಗೆ ಹತ್ತಿರದ ಕುಂಕುಮ ಬಣ್ಣ. ಆದರೆ ತುದಿಯಲ್ಲಿ ಬಿಳಿ ಇರಲಿಲ್ಲ.

“ಇದೊಂದನ್ನೇ ನಂಬಿದ್ದೆ ಮೇಡಂ” ಎಂದರು. “ಇದೂ ಅಲ್ಲ.”

ಅಷ್ಟರಲ್ಲಿ ಕಾರು ಬಂದು ನಿಂತಿತು. ಅಮ್ಮ ಕೋಲೂರಿಕೊಂಡು ಇಳಿದರು. ಸಣ್ಣ ಜೀವ, ಕಣ್ಣು ಮಾತ್ರ ಚುರುಕು. ಜೊತೆಯಲ್ಲಿ ಅಣ್ಣನ ಮಗಳು. ಅಮ್ಮ ಅಷ್ಟು ಬಣ್ಣದ ನಡುವೆ ಎಲ್ಲೂ ನಿಲ್ಲದೆ ಮೂಲೆಯ ಗಿಡದ ಹತ್ತಿರವೇ ಬಂದರು. ಅರಳಿದ್ದನ್ನು ನೋಡಲೇ ಇಲ್ಲ. ಅದರ ಕೆಳಗೆ ಅರ್ಧ ಬಿರಿದಿದ್ದ ಮೊಗ್ಗನ್ನು ಎರಡು ಬೆರಳಲ್ಲಿ ಹಿಡಿದು, ಉಗುರಿನಿಂದ ಒಂದು ಎಸಳನ್ನು ಮೆಲ್ಲಗೆ ಬಿಡಿಸಿದರು. ತುದಿಯಲ್ಲಿ ಬಿಳಿ.

“ಎಂತ ಕೂಸೇ, ಇಷ್ಟು ವರ್ಷ ಬೆಳೆಸಿ ಇದೂ ಮರ್ತು ಹೋಯ್ತಾ? ಒಂದೊಂದು ವರ್ಷ ಮೊದಲಿನ ಹೂವು ಬಿಳಿ ತೋರ್ಸಲ್ಲ, ಇದು.”

ಅಕ್ಕ ಅಲ್ಲೇ ಗಿಡದ ಬುಡದಲ್ಲಿ ಕುಸಿದು ಕೂತು ಅತ್ತುಬಿಟ್ಟರು. ಆಮೇಲೆ ಮೂಗು ಒರೆಸಿಕೊಂಡು, “ಅಮ್ಮಾ, ನಿಂಗೊಂದು ಮಾತು ಹೇಳ್ಬೇಕಿತ್ತು” ಎಂದರು.

“ಮುಳ್ಳುಹಂದಿ ಸುದ್ದಿಯಾ?”

ಅಕ್ಕ ತಟ್ಟನೆ ನನ್ನ ಕಡೆ ತಿರುಗಿದರು. ನಾನಲ್ಲ ಎಂದು ಕೈಯಾಡಿಸಿದೆ.

“ಇವ್ಳು ಓದಿ ಹೇಳಿದ್ಲು, ಬೇಸಿಗೇಲೇ” ಎಂದು ಮೊಮ್ಮಗಳ ಕಡೆ ಗಲ್ಲ ತೋರಿಸಿದರು. ಆ ಹುಡುಗಿ ಮೇಷ್ಟ್ರ ಹಳೆಯ ವಿದ್ಯಾರ್ಥಿನಿ. “ಕೆಳಗಿನ ಸಾಲು ಓದೋ ಹೊತ್ತಿಗೆ ಮೇಲಿಂದೆಲ್ಲ ಓದಿ ಆಗಿತ್ತು, ಪಾಪ. ಶೃಂಗೇರೀಲಿ ನನ್ನ ಗೆಳತಿ ಮಗಳಿದಾಳೆ, ಅವಳಮ್ಮಂಗೆ ನಾನೇ ಕೊಟ್ಟಿದ್ದೆ ಈ ಗಡ್ಡೇನ. ಅವ್ಳ ಮೊಬೈಲಿಗೆ ನೀನು ಬರ್ದಿದ್ದನ್ನ ಕಳ್ಸು ಅಂತ ಇವ್ಳಿಗೆ ಅಂದೆ. ಗಡ್ಡೆ ಕೊಡು ಅಂತ ನಾನೂ ಕೇಳ್ಲಿಲ್ಲ ಮತ್ತೆ. ಕೇಳಿದ್ರೆ ಹತ್ತುತ್ತಾ?”

“ಗೊತ್ತಿದ್ದೂ ದಿನಾ ಫೋನಲ್ಲಿ ಕಣ್ಣು ಬಿಡ್ತಾ, ಕಣ್ಣು ಬಿಡ್ತಾ ಅಂತ ಕೇಳ್ತಿದ್ಯಲ್ಲಮ್ಮ! ಗೊತ್ತು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?”

ಅಮ್ಮ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

“ಅಮ್ಮಂಗೆ ಹೇಳ್ಬೇಡಿ ಅಂತ ನೀನೇ ಬರ್ದಿದ್ಯಲ್ಲೇ ಕೂಸೇ” ಎಂದರು. “ಓದಿದೋರೆಲ್ಲ ಆ ಮಾತು ನಡೆಸ್ಕೊಟ್ರು. ನಾನೊಬ್ಳು ಮುರಿಯೋದಾ?”

ಅಕ್ಕ ಅಮ್ಮನ ಕಾಲು ಹಿಡಿದುಕೊಂಡು ಕೂತಿದ್ದರು, ಅಮ್ಮ ಮಗಳ ತಲೆಯ ಮೇಲೆ ಕೈಯಿಟ್ಟು ಮೊಗ್ಗನ್ನೇ ನೋಡುತ್ತಿದ್ದರು. ಕಾಫಿ ಆಯಿತು. ಹೊರಡುವಾಗ ನಾನು ಆ ಗಿಡದ ಮುಂದೆ ನಿಂತೆ.

“ಎಷ್ಟು ಚಂದ ಆಗಿದೆ” ಎಂದೆ.

ಅಮ್ಮ, ಮಗಳು ಇಬ್ಬರೂ ಒಟ್ಟಿಗೇ ನಕ್ಕರು. “ದೀಪಾವಳಿ ಕಳೀಲಿ ಮೇಡಂ” ಎಂದರು ಅಕ್ಕ, “ಚೀಲ ತಗೊಂಡು ಬನ್ನಿ.”